ಅಯ್ಯೋ ಪಾಪ ಎನ್ನುವ ಊರು

ಇಂಗ್ಲೆಂಡಿನ ಡರಮ್ ನಗರದ ಉತ್ತರಕ್ಕೆ ಒಂದು ಸಣ್ಣ ಊರಿದೆ. ಅದರ ಹೆಸರು ‘ಪಿಟಿ ಮಿ’. ಕನ್ನಡದಲ್ಲಿ ಹೇಳಬೇಕೆಂದರೆ ‘ನನ್ನ ನೋಡಿ ಅಯ್ಯೋ ಪಾಪ ಅನ್ನಿ’. ಆ ಊರಿನ ಹುಡುಗನಿಗೆ ಹೆಣ್ಣು ಕೊಡುವವರು ವಿಳಾಸ ಕೇಳಿದಾಗ ಏನಾಗುತ್ತದೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈ ಹೆಸರಿಗೆ ಅಲ್ಲಿ ಹಲವು ವಿವರಣೆಗಳಿವೆ. ಸಂತ ಕತ್‌ಬರ್ಟನ ಶವಪೆಟ್ಟಿಗೆ ಹೊತ್ತು ಹೋಗುತ್ತಿದ್ದ ಸನ್ಯಾಸಿಗಳು ಇಲ್ಲಿ ಅದನ್ನು ಕೈಜಾರಿ ಬೀಳಿಸಿದರಂತೆ, ಒಳಗಿದ್ದ ಸಂತ ‘ಸ್ವಲ್ಪ ಕರುಣೆ ಇರಲಿ’ ಎಂದನಂತೆ. ಇಲ್ಲ, ಸನ್ಯಾಸಿಗಳು ‘ದೇವರೇ ಕರುಣಿಸು’ ಎಂಬ ಕೀರ್ತನೆ ಹಾಡುತ್ತಾ ಹೋದ ಜಾಗವಂತೆ. ಅದೂ ಅಲ್ಲ, ಸಣ್ಣ ಕೆರೆ ಎಂಬ ಅರ್ಥದ ಫ್ರೆಂಚ್ ಮಾತು ಹಾಳಾಗಿ ಹೀಗಾಯಿತಂತೆ. ಸ್ಥಳನಾಮಗಳ ನಿಘಂಟು ಬರೆದ ವಿದ್ವಾಂಸರು ಮಾತ್ರ ಇವನ್ನೆಲ್ಲ ಬದಿಗಿಟ್ಟು ಒಂದು ಸರಳ ಉತ್ತರ ಕೊಡುತ್ತಾರೆ: ಉಳಲು ಕಷ್ಟವಾದ, ಗಾಳಿಗೆ ಒಡ್ಡಿಕೊಂಡ ಬರಡು ನೆಲಕ್ಕೆ ಹತ್ತೊಂಬತ್ತನೇ ಶತಮಾನದಲ್ಲಿ ಯಾರೋ ತಮಾಷೆಗೆ ಇಟ್ಟ ಹೆಸರು ಇದು.

ಈ ಕೊನೆಯ ಉತ್ತರವೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಒಂದು ಊರಿನ ಹೆಸರಿಗೆ ದೇವರು, ರಾಜ, ಸಂತ ಯಾರೂ ಕಾರಣರಲ್ಲ, ಹೆಸರಿಲ್ಲದ ಒಬ್ಬ ರೈತನ ಕುಹಕವೇ ಕಾರಣ ಎಂದು ನಿಘಂಟು ಒಪ್ಪಿಕೊಳ್ಳುತ್ತದೆ. ನಮ್ಮ ಕಡೆಯ ಊರುಗಳ ಹೆಸರಿನ ಬಗ್ಗೆ ನಾನು ಕೇಳಿದ, ಓದಿದ ವಿವರಣೆಗಳಲ್ಲಿ ಅಂಥ ರೈತನಿಗೆ ಜಾಗವೇ ಇಲ್ಲ.

ನಮ್ಮ ಕಡೆ ಎಂದರೆ ಮುಳಬಾಗಿಲು. ಈ ಹೆಸರು ಹೇಳಿದರೆ ಕೆಲವರು ದೋಸೆ ನೆನೆಯುತ್ತಾರೆ, ಕೆಲವರು ‘ಬಾಗಿಲಲ್ಲಿ ಮುಳ್ಳು ಯಾಕೆ?’ ಎನ್ನುತ್ತಾರೆ. ಮುಳ್ಳಿಲ್ಲ. ಮೂಡಲ ಬಾಗಿಲು, ಅಂದರೆ ಪೂರ್ವದ ಬಾಗಿಲು, ಸವೆದು ಮುಳಬಾಗಿಲು ಆಯಿತೆಂಬುದು ಒಪ್ಪಿತ ವಿವರಣೆ. ಇದನ್ನು ನಂಬಲು ಕಾರಣವೂ ಇದೆ. ಹೊಯ್ಸಳ ವಿಷ್ಣುವರ್ಧನನ ರಾಜ್ಯಕ್ಕೆ ಪೂರ್ವದ ಎಲ್ಲೆ ನಂಗಲಿಯ ಘಟ್ಟ ಎಂದು ಶಾಸನಗಳು ಹೇಳುತ್ತವೆ. ಆ ನಂಗಲಿ ಇರುವುದು ನಮ್ಮ ತಾಲ್ಲೂಕಿನಲ್ಲೇ. ಆದರೆ ಇದು ಪೂರ್ವ ಎಂದು ಹೇಳಬೇಕಾದರೆ ಹೇಳುವವನು ಪಶ್ಚಿಮದಲ್ಲಿ ಕೂತಿರಬೇಕು. ಇಲ್ಲೇ ಹುಟ್ಟಿ ಬೆಳೆದವನಿಗೆ ಇದು ಪೂರ್ವವೂ ಅಲ್ಲ, ಬಾಗಿಲೂ ಅಲ್ಲ, ಮನೆ. ಹೆಸರಿನೊಳಗೆ ಇರುವುದು ದೂರದ ದೋರಸಮುದ್ರದ ಕಣ್ಣು. ಊರಿನವರು ತಮ್ಮನ್ನು ಏನೆಂದು ಕರೆದುಕೊಂಡಿದ್ದರು ಎಂಬುದಕ್ಕೆ ಅದರಲ್ಲಿ ಸುಳಿವಿಲ್ಲ.

ಮುಳಬಾಗಿಲಿನಿಂದ ಹತ್ತಿರದಲ್ಲೇ ಕುರುಡುಮಲೆ. ಆಳೆತ್ತರವನ್ನು ಎಷ್ಟೋ ಮೀರಿದ ಏಕಶಿಲಾ ಗಣಪತಿ ಇರುವ ಊರು. ಇಷ್ಟು ದೊಡ್ಡ ದೇವರ ಊರಿಗೆ ಕುರುಡು ಎಂಬ ಹೆಸರೇ ಎಂದು ಭಕ್ತರಿಗೆ ಮುಜುಗರ. ಅದಕ್ಕೆ ಉತ್ತರ ಸಿದ್ಧವಿದೆ: ಇದು ಕುರುಡುಮಲೆಯಲ್ಲ, ಕೂಡುಮಲೆ, ದೇವತೆಗಳು ಬಂದು ಕೂಡಿದ ಬೆಟ್ಟ, ಗಣಪತಿಯನ್ನು ಪ್ರತಿಷ್ಠಾಪಿಸಿದವರು ತ್ರಿಮೂರ್ತಿಗಳು. ಕೂಡುಮಲೆ ನಿಜವೇ ಇರಬಹುದು. ನಾನು ಗಮನಿಸುವುದು ಕತೆಯ ನಡೆಯನ್ನು. ಶವಪೆಟ್ಟಿಗೆಯ ಸಂತನದೂ ಇದೇ ನಡೆ. ಹೆಸರು ಮುಜುಗರ ತಂದ ಕೂಡಲೇ ಒಬ್ಬ ದೇವರನ್ನೋ ಸಂತನನ್ನೋ ಕರೆಸಿ ಅದನ್ನು ತೊಳೆಸುವುದು. ಡರಮ್‌ನಲ್ಲೂ ಕೋಲಾರ ಜಿಲ್ಲೆಯಲ್ಲೂ ಮಡಿವಾಳರು ಬೇರೆ, ಸಾಬೂನು ಒಂದೇ.

ದೇವರು ಸಿಗದಿದ್ದರೆ ರಾಜ ಇದ್ದಾನೆ. ವೀರಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು, ಅದೇ ಬೆಂಗಳೂರು ಎಂಬ ಕತೆ ಯಾರಿಗೆ ಗೊತ್ತಿಲ್ಲ? ಬೇಗೂರಿನ ದೇವಸ್ಥಾನದಲ್ಲಿ ಸುಮಾರು 890ರ ಒಂದು ವೀರಗಲ್ಲಿದೆ. ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ವೀರಬಲ್ಲಾಳ ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಮೊದಲೇ ಊರಿಗೆ ಹೆಸರಿತ್ತು. ಆದರೂ ಮುದುಕಿ ಸಾಯಲಿಲ್ಲ. ಸಾಯಬಾರದು ಕೂಡ. ಇತಿಹಾಸವಾಗಿ ಆ ಕತೆ ಸುಳ್ಳು. ಆದರೆ ಹಸಿದು ಬಂದ ರಾಜ ಒಬ್ಬ ಬಡ ಹೆಂಗಸಿನ ಋಣದಲ್ಲಿದ್ದಾನೆ ಎಂದು ಒಂದು ಊರು ತನ್ನ ಬಗ್ಗೆ ಹೇಳಿಕೊಳ್ಳುವುದಿದೆಯಲ್ಲ, ಸಾಹಿತ್ಯವಾಗಿ ಅದು ಸುಳ್ಳಲ್ಲ.

ಕತೆ ಕಟ್ಟುವುದರಿಂದ ಹೆಸರಿಗೆ ಹಾನಿಯಿಲ್ಲ, ಹೆಸರು ಕತೆಯ ಕೆಳಗೆ ಹಾಗೇ ಉಳಿದಿರುತ್ತದೆ. ನಾಚಿಕೆ ಕಚೇರಿಗೆ ಹೋದಾಗ ಮಾತು ಬೇರೆ. ಶ್ರೀನಿವಾಸಪುರವನ್ನೇ ನೋಡಿ. ಅದರ ಹಳೆಯ ಹೆಸರು ಪಾಪನಪಲ್ಲಿ. ತಿರುಪತಿ ಯಾತ್ರೆಯಿಂದ ಮರಳುವಾಗ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನು ಅದಕ್ಕೆ ಇಟ್ಟರೆಂದು ಬಿ. ಎಲ್. ರೈಸ್ ಅವರ ಗೆಜೆಟಿಯರ್ ಹೇಳುತ್ತದೆ. ತಿರುಪತಿಯ ದೇವರೂ ಶ್ರೀನಿವಾಸ, ಮಗನೂ ಶ್ರೀನಿವಾಸ. ಸ್ವಾಮಿಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು.

ಹೋದದ್ದು ಏನು? ಪಾಪ ಎಂದರೆ ನಮ್ಮಲ್ಲಿ ಪುಣ್ಯದ ಎದುರು ಪದ. ಅದೇ ಪಾಪ ‘ಅಯ್ಯೋ ಪಾಪ’ ಎಂಬಲ್ಲಿ ಕರುಣೆ. ಗಡಿಯ ತೆಲುಗಿನಲ್ಲಿ ಪಾಪ ಎಂದರೆ ಮಗು. ಪಾಪಣ್ಣ ಎಂಬುವನು ಕನ್ನಡದ ಯಾವ ಹಳ್ಳಿಯಲ್ಲೂ ಸಿಗುತ್ತಾನೆ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು ಭಾಷೆ ಆಡುವ ನಮ್ಮ ಸೀಮೆಗೆ ಇದಕ್ಕಿಂತ ಹೊಂದುವ ಹೆಸರು ಇನ್ನೊಂದಿರಲಿಲ್ಲ. ಇಂಗ್ಲೆಂಡಿನವರು ‘ಪಿಟಿ ಮಿ’ ಉಳಿಸಿಕೊಂಡರು. ನಮ್ಮ ‘ಪಿಟಿ ಮಿ’ ಒಂದು ತೀರ್ಥಯಾತ್ರೆಯಲ್ಲಿ ಕಳೆದುಹೋಯಿತು.

ಇದಕ್ಕೆ ಎದುರಾಗಿ ಬಂಗಾರಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಲ್ಲಿ ಅದು ಬೌರಿಂಗ್‌ಪೇಟೆ. ಪಕ್ಕದಲ್ಲೇ ಚಿನ್ನದ ಗಣಿ. ಎರಡು ಹೆಸರನ್ನೂ ಒಂದರ ಹಿಂದೆ ಒಂದು ಬೇಗ ಬೇಗ ಹೇಳಿ ನೋಡಿ, ಸಾಹೇಬ ಎಲ್ಲಿ ಕರಗಿ ಚಿನ್ನವಾದ ಎಂದು ನಾಲಗೆಗೇ ತಿಳಿಯುತ್ತದೆ. 2001ರಲ್ಲಿ ಗಣಿ ಮುಚ್ಚಿತು, ಬಂಗಾರ ಹೆಸರಿನಲ್ಲಿ ಉಳಿಯಿತು. ಡರಮ್‌ನ ರೈತನ ಅಣ್ಣತಮ್ಮಂದಿರು ಇಲ್ಲೂ ಇದ್ದರೆಂಬುದಕ್ಕೆ ನನ್ನ ಬಳಿ ಇರುವ ಒಳ್ಳೆಯ ಸಾಕ್ಷಿ ಇದು.

ಬೆಂಗಳೂರಿನ ಆಚೆಗೆ ಇನ್ನೊಬ್ಬ ಸಾಹೇಬನ ಪೇಟೆ ಇತ್ತು. ಬ್ಯಾರಿ ಕ್ಲೋಸ್ ಹೆಸರಿನ ಕ್ಲೋಸ್‌ಪೇಟೆ. ಅದು ರಾಮನಗರವಾಯಿತು, 2007ರಲ್ಲಿ ಜಿಲ್ಲೆಯಾಯಿತು, 2025ರ ಮೇ ತಿಂಗಳಲ್ಲಿ ಆ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂಬ ಹೆಸರಿಗೆ ಸಚಿವ ಸಂಪುಟ ಒಪ್ಪಿತು. ಮತ್ತೆ ಅದೇ ಮೂಡಲ ಬಾಗಿಲಿನ ಲೆಕ್ಕ: ರಾಜಧಾನಿಯಲ್ಲಿ ಕೂತವನಿಗೆ ಯಾವ ದಿಕ್ಕೋ ಅದೇ ಹೆಸರು. ಭೂವಿಜ್ಞಾನಿಗಳು ಮಾತ್ರ ಅಲ್ಲಿನ ಬಂಡೆಯನ್ನು ಈಗಲೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ. ಕಲ್ಲಿಗೆ ಗೆಜೆಟ್ ತಲುಪುವುದು ತಡ.

ಹಾಗಾದರೆ ವಿಚಿತ್ರ ಹೆಸರುಗಳನ್ನು ನೋಡಿ ನಕ್ಕು ಸುಮ್ಮನಾದರೆ ಸಾಕೇ? ಮಾಲೂರು ತಾಲ್ಲೂಕಿನ ಮಾಸ್ತಿ ಅಷ್ಟಕ್ಕೆ ಬಿಡುವುದಿಲ್ಲ. ಕನ್ನಡಿಗರಿಗೆ ಆ ಹೆಸರೆಂದರೆ ವೆಂಕಟೇಶ ಅಯ್ಯಂಗಾರ್ಯರು. ಹಿಂದಿಯವರ ಕಿವಿಗೆ ಅದು ಮಜಾ, ಮೋಜು. ದೆಹಲಿಯ ಕಡೆಯ ಗೆಳೆಯರೊಬ್ಬರು ‘ಇಷ್ಟು ಗಂಭೀರ ಲೇಖಕರಿಗೆ ಇಂಥ ಹೆಸರೇ?’ ಎಂದು ನನ್ನೆದುರೇ ನಕ್ಕಿದ್ದರು. ಮಾಸ್ತಿ ಬಂದಿರುವುದು ಮಹಾಸತಿಯಿಂದ. ಗಂಡನ ಚಿತೆಯಲ್ಲಿ ಬೆಂದ ಹೆಂಗಸಿನ ನೆನಪಿಗೆ ನಿಲ್ಲಿಸುವ ಕಲ್ಲು ಮಾಸ್ತಿಕಲ್ಲು. ಮೋಜಿನಂತೆ ಕೇಳುವ ಆ ಎರಡಕ್ಷರದ ಒಳಗೆ ಸುಟ್ಟುಹೋದ ಒಬ್ಬ ಹೆಣ್ಣುಮಗಳು ಇದ್ದಾಳೆ. ನಕ್ಕು ಮುಂದೆ ಹೋದವನಿಗೆ ಅವಳು ಕಾಣುವುದಿಲ್ಲ. ನಾಳೆ ಯಾರೋ ನಾಚಿಕೊಂಡು ಇದನ್ನೂ ಇನ್ನೊಂದು ಶ್ರೀನಿವಾಸಪುರ ಮಾಡಿದರೆ ಅವಳಿಗೆ ಉಳಿದಿರುವ ವಿಳಾಸವೂ ಹೋಗುತ್ತದೆ.

ಆದ್ದರಿಂದ ಊರಿನ ಹೆಸರನ್ನು ಪದ್ಯ ಓದುವಂತೆ ಓದಬೇಕು ಎನ್ನುತ್ತೇನೆ ನಾನು. ಮೊದಲು ಕಿವಿಗೆ ಕೇಳಿದ ಹಾಗೆ, ನಗು ಬಂದರೆ ನಗುತ್ತಾ. ಆಮೇಲೆ ಅದನ್ನು ಹೇಳಿದವನು ಎಲ್ಲಿ ನಿಂತಿದ್ದ ಎಂದು ಕೇಳುತ್ತಾ. ಶಾಸನ ಏನು ಹೇಳುತ್ತದೆ ಎನ್ನುವುದನ್ನೂ ಊರಿನ ಅಜ್ಜಿ ಏನು ಹೇಳುತ್ತಾಳೆ ಎನ್ನುವುದನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದುಕೊಳ್ಳಬೇಕು, ಒಂದನ್ನು ಅಳಿಸಿ ಇನ್ನೊಂದನ್ನು ಬರೆಯಬಾರದು. ನಂಗಲಿಯಿಂದ ಮಾಲೂರಿನವರೆಗೆ ‘-ಹಳ್ಳಿ’, ‘-ಪಲ್ಲಿ’ ಎಂದು ಮುಗಿಯುವ ಬೋರ್ಡುಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಒಂದಾದರೂ ಬರಡು ಹೊಲದಲ್ಲಿ ನೇಗಿಲು ಮುರಿದುಕೊಂಡ ಯಾರೋ ಸಿಟ್ಟಿನಲ್ಲಿ, ತಮಾಷೆಯಲ್ಲಿ ಇಟ್ಟ ಹೆಸರು ಇದ್ದೇ ಇರಬೇಕು. ಅವನಿಗೂ ನಮ್ಮ ಗೆಜೆಟಿಯರಿನಲ್ಲಿ ಒಂದು ಸಾಲು ಸಲ್ಲಬೇಕು.