ಎದುರು ದಿಕ್ಕಿನ ವ್ಯಾಕರಣ: ಮದರಾಸಿನ ಗ್ರಂಥಗಳು ಮತ್ತು ಕನ್ನಡಿಗರ ಇಂಗ್ಲಿಷ್ ಕಲಿಕೆ

ಕನ್ನಡ ಮತ್ತು ಇಂಗ್ಲಿಷ್ ವ್ಯಾಕರಣಗಳ ಸಂಬಂಧವನ್ನು ಕುರಿತ ಯಾವುದೇ ವಿವೇಚನೆಯೂ ಮದರಾಸನ್ನು, ಅಂದರೆ ಇಂದಿನ ಚೆನ್ನೈಯನ್ನು, ಬಿಟ್ಟು ಮುಂದುವರಿಯಲಾರದು. ಕಂಪನಿಯ ಕಿರಿಯ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸಲು ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಸ್ಥಾಪಿತವಾದುದು 1812ರಲ್ಲಿ. ಜಾನ್ ಮೆಕೆರೆಲ್ಲನ ಕನ್ನಡ ವ್ಯಾಕರಣ 1820ರಲ್ಲಿಯೂ ವಿಲಿಯಂ ರೀವನ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿಯೂ ಆ ನಗರದಲ್ಲಿಯೇ ಅಚ್ಚಾದವು. ಇವುಗಳ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇವು ಇಂಗ್ಲಿಷ್ ಬಲ್ಲವನಿಗೆ ಕನ್ನಡವನ್ನು ತಿಳಿಸುವುದಕ್ಕಾಗಿ ಹುಟ್ಟಿದವು. ಅಲ್ಲಿ ಇಂಗ್ಲಿಷ್ ಅಳತೆಗೋಲು, ಕನ್ನಡ ಅಳೆಯಬೇಕಾದ ವಸ್ತು. ಕನ್ನಡಿಗನೇ ಇಂಗ್ಲಿಷ್ ಕಲಿಯಲು ಕುಳಿತಾಗ ಕೋಲನ್ನು ತಿರುಗಿಸಿ ಹಿಡಿಯಬೇಕಾಗಿತ್ತು. ನಮ್ಮ ಶಾಲಾವ್ಯಾಕರಣಗಳು ಸಾಮಾನ್ಯವಾಗಿ ಆ ಕೆಲಸವನ್ನು ಮಾಡಲಿಲ್ಲವೆಂಬುದೇ ನಮ್ಮ ಆಕ್ಷೇಪ.

‘ಎ’, ‘ದಿ’ ಎಂಬ ಉಪಪದಗಳ ವಿಷಯವನ್ನೇ ನೋಡೋಣ. ಕನ್ನಡದಲ್ಲಿ ಇವು ಇಲ್ಲ, ಆದ್ದರಿಂದ ಬಾಯಿಪಾಠ ಮಾಡಬೇಕು ಎಂದು ವಿದ್ಯಾರ್ಥಿಗೆ ಹೇಳುತ್ತಾರೆ. ಪದವಿಲ್ಲವೆಂಬುದು ನಿಜ, ಅರ್ಥಭೇದವೂ ಇಲ್ಲವೆಂಬುದು ನಿಜವಲ್ಲ. ‘ಪುಸ್ತಕ ತಂದೆ’ ಎಂಬಲ್ಲಿ ಯಾವುದೋ ಪುಸ್ತಕ. ‘ಪುಸ್ತಕವನ್ನು ತಂದೆ’ ಎಂದಾಗ ಆಡುವವನಿಗೂ ಕೇಳುವವನಿಗೂ ಮೊದಲೇ ಗೊತ್ತಿರುವ ಪುಸ್ತಕ ಎಂಬ ಭಾವ ಹಲವೆಡೆ ಮೂಡುತ್ತದೆ. ಇಂಗ್ಲಿಷ್ ಉಪಪದಕ್ಕೆ ವಹಿಸಿದ ಕೆಲಸದ ಒಂದಂಶವನ್ನು ಕನ್ನಡ ದ್ವಿತೀಯಾ ಪ್ರತ್ಯಯದ ಇರವು ಇಲ್ಲಮೆಗಳಿಂದಲೇ ಸಾಧಿಸಿಕೊಳ್ಳುತ್ತದೆ. ವಿಭಕ್ತಿಪಲ್ಲಟವನ್ನು ಲಕ್ಷಣಕ್ಕೆ ಒಳಪಡಿಸಿದ, ಗಮಕಸಮಾಸ ಸತಿಸಪ್ತಮಿಗಳನ್ನು ಕನ್ನಡದ ಅಸಾಧಾರಣ ಲಕ್ಷಣಗಳೆಂದು ಎತ್ತಿ ಹೇಳಿದ ಕೇಶಿರಾಜನ ನಾಡಿನಲ್ಲಿ ಈ ಸೂಕ್ಷ್ಮ ಪಾಠದ ಕೋಣೆಯನ್ನು ಪ್ರವೇಶಿಸದಿರುವುದು ಸೋಜಿಗ. ಸಂಸ್ಕೃತದ ಚೌಕಟ್ಟನ್ನು ಒಪ್ಪಿಯೂ ಅದರೊಳಗೆ ಕನ್ನಡ ಎಲ್ಲಿ ಬೇರೆಯಾಗುತ್ತದೆಂದು ತೋರಿಸಿದವನು ಅವನು.

ಕಾಲದ ವಿಷಯದಲ್ಲಿಯೂ ಹೀಗೆಯೇ. ‘ನಿನ್ನೆ ಊರಿನಿಂದ ಬಂದಿದ್ದಾನೆ’ ಎಂಬುದು ಶುದ್ಧ ಕನ್ನಡ. ಅದರ ಬಲದಿಂದಲೇ ವಿದ್ಯಾರ್ಥಿ ‘ಹೀ ಹ್ಯಾಸ್ ಕಮ್ ಯೆಸ್ಟರ್‌ಡೇ’ ಎಂದು ಬರೆಯುತ್ತಾನೆ. ಇಂಗ್ಲಿಷಿನ ಆ ಕ್ರಿಯಾರೂಪ ‘ನಿನ್ನೆ’ಯಂತಹ ಮುಗಿದ ಕಾಲದ ಸೂಚನೆಯನ್ನು ಸಹಿಸದು. ಪರೀಕ್ಷಕನ ಕೆಂಪು ಗೆರೆ ತಪ್ಪನ್ನು ಮಾತ್ರ ತೋರಿಸುತ್ತದೆ. ಆ ತಪ್ಪಿನ ಹಿಂದೆ ಒಂದು ವ್ಯಾಕರಣವಿದೆಯೆಂಬುದನ್ನು ತೋರಿಸುವುದಿಲ್ಲ. ವಿದ್ಯಾರ್ಥಿಯಾದರೋ ತನಗೆ ವ್ಯಾಕರಣವೇ ತಿಳಿಯದೆಂದು ನಂಬಿ ಮೌನಿಯಾಗುತ್ತಾನೆ. ‘ನನಗೆ ಹಸಿವಾಗಿದೆ’ ಎಂಬ ಚತುರ್ಥಿಯ ಅನುಭವಿಯನ್ನು ಇಂಗ್ಲಿಷ್ ಕರ್ತೃಸ್ಥಾನಕ್ಕೆ ಏರಿಸುವುದನ್ನು ಇಲ್ಲಿ ನೆನೆದರೆ ಸಾಕು.

ನುಡಿಗಟ್ಟುಗಳ ಕಥೆ ಇನ್ನೂ ಜಟಿಲ. ಕಿಟ್ಟೆಲರ 1894ರ ಕೋಶವನ್ನು ಎಂ. ಮರಿಯಪ್ಪ ಭಟ್ಟರ ಪರಿಷ್ಕರಣದೊಡನೆ ಮದರಾಸು ವಿಶ್ವವಿದ್ಯಾಲಯ 1968-71ರಲ್ಲಿ ಪ್ರಕಟಿಸಿತು. ಅದು ಮಹತ್ತ್ವದ ಕಾರ್ಯವೇ. ಆದರೆ ಅದರ ದಿಕ್ಕೂ ಕನ್ನಡದಿಂದ ಇಂಗ್ಲಿಷಿಗೆ. ಇಂಗ್ಲಿಷ್ ನುಡಿಗಟ್ಟನ್ನು ಎದುರಿಸುವ ಕನ್ನಡಿಗನಿಗೆ ಬೇಕಾದುದು ಎರಡು ಭಾಷೆಗಳ ಬಳಕೆಯನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸುವ ಪುಸ್ತಕ. ಓಡಿಹೋಗುವುದಕ್ಕೆ ಇಂಗ್ಲಿಷಿನವನು ಹಿಮ್ಮಡಿಯನ್ನು ಆಶ್ರಯಿಸಿದರೆ ನಮ್ಮವನು ಕಾಲಿಗೆ ಬುದ್ಧಿ ಹೇಳುತ್ತಾನೆ. ಇಲ್ಲಿ ಅಂಗವೂ ಅರ್ಥವೂ ಹತ್ತಿರವಿರುವುದರಿಂದ ಅಪಾಯವಿಲ್ಲ. ಆದರೆ ‘ಗಿವ್ ಎ ಹ್ಯಾಂಡ್’ ಎಂದರೆ ನೆರವಾಗು. ಪದಕ್ಕೆ ಪದವಿಟ್ಟು ಕಲಿತ ಹುಡುಗ ಅದನ್ನು ‘ಗೆಳೆಯ ಕೈಕೊಟ್ಟ’ ಎಂದು ಕನ್ನಡಿಸಿದರೆ, ನೆರವಾದವನೇ ವಂಚಕನಾಗುತ್ತಾನೆ.