ಮೂರು ಕಾಗದ, ಮೂರು ತಾರೀಖು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಎಚ್-1ಬಿ ಮೇಲೆ ಪಾಠ ಹೇಳುವ ನಮ್ಮ ಮೇಷ್ಟ್ರುಗಳ ಫೈಲಿನಲ್ಲಿ ಮೂರು ದಾಖಲೆ ಇರುತ್ತವೆ: ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ, ವಲಸೆ ಇಲಾಖೆಯ ಒಪ್ಪಿಗೆ ಪತ್ರ ಐ-797, ಗಡಿಯಲ್ಲಿ ನಮೂದಾಗುವ ಐ-94. ಸ್ಟಾಂಪಿಂಗ್‌ಗೆಂದು ಚೆನ್ನೈಗೆ ಓಡಾಡಿ ಸುಸ್ತಾದವರು ಮೊದಲನೆಯದನ್ನೇ ದೊಡ್ಡದೆಂದುಕೊಳ್ಳುತ್ತಾರೆ. ಅದು ಬಾಗಿಲು ತಟ್ಟುವುದಕ್ಕೆ ಮಾತ್ರ. ಒಳಗಿದ್ದಾಗ ಅದರ ಅವಧಿ ಮುಗಿದರೂ ಚಿಂತೆಯಿಲ್ಲ. ಎಷ್ಟು ದಿನ ಇರಬಹುದೆಂದು ಹೇಳುವುದು ಐ-94. ವಿಮಾನದಲ್ಲಿ ಬಂದವರಿಗೆ ಅದೀಗ ಕೈಗೂ ಸಿಗುವುದಿಲ್ಲ, ಜಾಲತಾಣದಿಂದ ತಾವೇ ಇಳಿಸಿಕೊಳ್ಳಬೇಕು.

ಎಡವುವುದು ಇಲ್ಲೇ. ಒಪ್ಪಿಗೆ 3 ವರ್ಷಕ್ಕಿದೆ, ಪಾಸ್‌ಪೋರ್ಟ್ ಮಾತ್ರ 14 ತಿಂಗಳಲ್ಲಿ ಮುಗಿಯುತ್ತದೆ ಅನ್ನಿ. ಗಡಿಯ ಅಧಿಕಾರಿ ಐ-94ನ್ನು ಪಾಸ್‌ಪೋರ್ಟಿನ ಕೊನೆಯ ದಿನಕ್ಕೇ ನಿಲ್ಲಿಸಿಬಿಡಬಹುದು. ಮೇಷ್ಟ್ರು ಮುಂದೆ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡು ನಿರಾಳರಾಗುತ್ತಾರೆ. ಆದರೆ ಐ-94 ತಾನಾಗಿ ಹಿಗ್ಗುವುದಿಲ್ಲ. ತಾರೀಖು ದಾಟುವ ಮೊದಲೇ ಹೊರಗೆ ಹೋಗಿ ಹೊಸ ಪಾಸ್‌ಪೋರ್ಟ್ ತೋರಿಸಿ ಮರಳಬೇಕು, ಇಲ್ಲವೇ ವಿಸ್ತರಣೆಗೆ ಅರ್ಜಿ ಹೋಗಬೇಕು. ಗಮನಿಸದಿದ್ದರೆ ಪಾಠ, ಸಂಬಳ, ತೆರಿಗೆ ಎಲ್ಲ ನೆಟ್ಟಗಿದ್ದರೂ ಮನುಷ್ಯ ಔಟ್ ಆಫ್ ಸ್ಟೇಟಸ್.

ಈ ವ್ಯವಸ್ಥೆಯ ಮೇಲೆ ನನ್ನ ಮುಖ್ಯ ತಕರಾರು: ಅರ್ಜಿದಾರ ವಿಶ್ವವಿದ್ಯಾಲಯ, ಸಹಿ ವಿಶ್ವವಿದ್ಯಾಲಯದ್ದು, ತಪ್ಪಾದರೆ ಗಂಟುಮೂಟೆ ಕಟ್ಟುವವರು ಮೇಷ್ಟ್ರು. ಬೇರೆ ಊರಿನ ಕ್ಯಾಂಪಸ್ಸಿಗೆ ಅವರನ್ನು ಹಾಕುವುದು ಡೀನ್. ಆ ಊರು ಅದೇ ಮಹಾನಗರದ ವ್ಯಾಪ್ತಿಯಲ್ಲಿಲ್ಲದಿದ್ದರೆ ತಿದ್ದುಪಡಿ ಅರ್ಜಿ ಬೇಕೆಂದು 2015ರ ಸಿಮಿಯೋ ತೀರ್ಪು ಹೇಳುತ್ತದೆ. ಡೀನ್ ಅದನ್ನು ಓದಿರಬೇಕೆಂದೇನಿಲ್ಲ. ಪಕ್ಕದ ಕಾಲೇಜು ಅತಿಥಿ ಉಪನ್ಯಾಸಕ್ಕೆ ಕರೆದು ಚೆಕ್ ಕೊಟ್ಟರೆ ಅಮೆರಿಕನ್ ಸಹೋದ್ಯೋಗಿ ಜೇಬಿಗಿಳಿಸುತ್ತಾರೆ. ಅರ್ಜಿ ಹಾಕಿದ ಸಂಸ್ಥೆಯ ಹೊರತು ಬೇರೆಯವರ ಸಂಬಳ ಮುಟ್ಟುವಂತಿಲ್ಲದ ನಮ್ಮವರು "ಗೌರವಧನ ಬೇಡ, ಕಾಫಿ ಸಾಕು" ಎನ್ನಬೇಕು. ವಿನಯ ಎಂದು ತಿಳಿದವರೂ ಇದ್ದಾರೆ.

ಒಳ್ಳೆಯದೂ ಇದೆ, ಮುಚ್ಚಿಡುವುದಿಲ್ಲ. ಕೆಲಸ ಕೊಡದೆ ಕೂರಿಸಿದರೂ ಸಂಬಳ ಕೊಡಲೇಬೇಕು. ಅವಧಿಗೆ ಮುಂಚೆ ತೆಗೆದುಹಾಕಿದರೆ ಊರಿಗೆ ಮರಳುವ ಖರ್ಚು ಸಂಸ್ಥೆಯದು. ವರ್ಷಕ್ಕೆ 65,000, ಜೊತೆಗೆ ಅಲ್ಲಿಯ ಸ್ನಾತಕೋತ್ತರ ಪದವೀಧರರಿಗೆ 20,000 ಎಂಬ ಮಿತಿ ವಿಶ್ವವಿದ್ಯಾಲಯಗಳಿಗಿಲ್ಲ, ಹಾಗಾಗಿ ಲಾಟರಿಯ ತಲೆನೋವಿಲ್ಲ. ಆದರೆ ಹೀಗೆ ಲಾಟರಿ ತಪ್ಪಿಸಿಕೊಂಡು ಬಂದವರು ನಾಳೆ ಕಂಪನಿಗೆ ಹಾರಬೇಕೆಂದರೆ ಅದೇ ಲಾಟರಿಗೆ ಚೀಟಿ ಹಾಕಬೇಕು. ಕೆಲಸ ಹೋದವರಿಗೆ ಮನೆ ಬಿಟ್ಟು, ಮಕ್ಕಳ ಶಾಲೆ ಬಿಡಿಸಿ ಹೊರಡಲು ಸಿಗುವುದು ಹೆಚ್ಚೆಂದರೆ 60 ದಿನ.

ಹೀಗಿರುವಾಗ ಎಲ್ಲವನ್ನೂ ಕಾನೂನಿನ ತಲೆಗೆ ಕಟ್ಟುವುದು ಸರಿಯಲ್ಲ. ವಿದೇಶಿ ಸಿಬ್ಬಂದಿಯ ಕಚೇರಿ ಒಪ್ಪಿಗೆ ಪತ್ರದ ಕೊನೆಯ ದಿನವನ್ನು ಬರೆದಿಟ್ಟುಕೊಳ್ಳುವಾಗ ಐ-94ರದ್ದನ್ನೂ ಪಕ್ಕದಲ್ಲೇ ಬರೆದುಕೊಳ್ಳಬಹುದು. ಅದಕ್ಕೆ ಸಂಸತ್ತಿನ ಅನುಮತಿ ಬೇಕಿಲ್ಲ. ವಿಸ್ತರಣೆಗೆ 6 ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಹೊತ್ತಿಗೆ ಸರಿಯಾಗಿ ಹೋದರೆ, ತೀರ್ಮಾನ ತಡವಾದರೂ 240 ದಿನ ಕೆಲಸ ಮುಂದುವರಿಸಬಹುದು. ಆದರೆ ಫೈಲು ಹೊರಡಬೇಕಲ್ಲ. ಅದು ಮೂರು ವಾರದಿಂದ ವಿಭಾಗದ ಮುಖ್ಯಸ್ಥರ ಮೇಜಿನ ಮೇಲಿದೆ, ಮುಖ್ಯಸ್ಥರು ಸಮ್ಮೇಳನಕ್ಕೆ ಹೋಗಿದ್ದಾರೆ. ಮೇಷ್ಟ್ರು ನಾಲ್ಕನೆಯ ಈಮೇಲಿಗೆ "ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ" ಎಂದು ಶುರುಮಾಡಿದ್ದಾರೆ.