ಲಗ್ಗೆಯ ಕತೆಗಳು, ಮುತ್ತಿಗೆಯ ಲೆಕ್ಕಗಳು

ಚಿತ್ರದುರ್ಗದ ಕೋಟೆಯನ್ನು ನಾನು ಮೊದಲು ನೋಡಿದ್ದು ಏಳನೇ ತರಗತಿಯ ಶಾಲಾ ಪ್ರವಾಸದಲ್ಲಿ. ಓಬವ್ವನ ಕಿಂಡಿಯ ಮುಂದೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಕತೆ ಹೇಳಿದ್ದರು. ಹುಡುಗಿಯರೆಲ್ಲ ಕೈಯಲ್ಲಿ ಇಲ್ಲದ ಒನಕೆ ಹಿಡಿದು ಫೋಟೋ ತೆಗೆಸಿಕೊಂಡಿದ್ದೆವು. ಆಮೇಲೆ ಯಾರೋ ಕೇಳಿದರು: "ಹಾಗಾದ್ರೆ ದುರ್ಗ ಬಿದ್ದದ್ದು ಹೇಗೆ ಸಾರ್?" ಉತ್ತರ ಒಂದೇ ವಾಕ್ಯದಲ್ಲಿ ಬಂತು: ನಾಯಕರ ಸೈನ್ಯದಲ್ಲಿದ್ದ ಮುಸಲ್ಮಾನ ಸಿಪಾಯಿಗಳು ಹೈದರಾಲಿಯ ಕಡೆ ಸೇರಿಕೊಂಡರು. ಆ ವಾಕ್ಯ ಮುಗಿಯುವುದರೊಳಗೆ ಇಡೀ ತರಗತಿಯ ಕಣ್ಣು ನನ್ನ ಪಕ್ಕದಲ್ಲಿ ನಿಂತಿದ್ದ ಗೆಳತಿಯ ಮೇಲೆ ಬಿದ್ದಿತ್ತು. ನಾನೂ ತಿರುಗಿ ನೋಡಿದ್ದೆ.

ಈಗ ಕನ್ನಡದ ಐತಿಹಾಸಿಕ ಕಥನಗಳಲ್ಲಿ ಯುದ್ಧದ ನಿರೂಪಣೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಕೋಟೆಗಳ ಅಧ್ಯಾಯಕ್ಕೆ ಬಂದಾಗ ಆ ಒಂದು ವಾಕ್ಯ ಮತ್ತೆ ಎದುರಾಯಿತು. ಕೋಟೆ ಬೀಳುವುದನ್ನು ನಾವು ಯಾಕೆ ಯಾವಾಗಲೂ ಒಂದು ಕಿಂಡಿ, ಒಬ್ಬ ದ್ರೋಹಿ, ಒಬ್ಬ ವೀರ ಎಂಬ ಮೂರು ಸಾಮಗ್ರಿಗಳಲ್ಲೇ ಹೇಳುತ್ತೇವೆ? ಈ ಬರಹ ಆ ಪ್ರಶ್ನೆಯ ಸುತ್ತ.

ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಪದಗಳಿವೆ: ಮುತ್ತಿಗೆ ಮತ್ತು ಲಗ್ಗೆ. ಮುತ್ತಿಗೆ ಎಂದರೆ ಸುತ್ತುವರಿದು ಕೂರುವುದು, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಲಗ್ಗೆ ಎಂದರೆ ಏರಿ ನುಗ್ಗುವುದು, ಹೆಚ್ಚೆಂದರೆ ಒಂದೆರಡು ಗಳಿಗೆಯ ಕೆಲಸ. ಕೋಟೆಯ ಯುದ್ಧದ ಬಹುಪಾಲು ಮುತ್ತಿಗೆಯೇ. ಆದರೆ ನಮ್ಮ ಕಾದಂಬರಿ, ಸಿನಿಮಾ, ಪಠ್ಯಪುಸ್ತಕಗಳು ಮನಸ್ಸಿಟ್ಟು ಹೇಳುವುದು ಲಗ್ಗೆಯನ್ನು. ಕಾದು ಕೂತ ದಿನಗಳು "ಹೀಗೆ ಕೆಲವು ತಿಂಗಳು ಕಳೆದವು" ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತವೆ. ಆ ಸಾಲಿನೊಳಗೆ ಯಾರು ಏನು ತಿಂದರು, ನೀರು ಎಲ್ಲಿಂದ ತಂದರು, ಮಣ್ಣು ಯಾರು ಅಗೆದರು, ಸಂಬಳ ಬಂತೋ ಇಲ್ಲವೋ ಎಂಬುದೆಲ್ಲ ಮರೆಯಾಗುತ್ತದೆ. ಹಾಗೆ ಮರೆಯಾದ ಕಾರಣಗಳ ಜಾಗದಲ್ಲಿ ದ್ರೋಹಿ ಬಂದು ಕೂರುತ್ತಾನೆ.

ದುರ್ಗದ ಪತನದ ಬಗ್ಗೆ ತಿಳಿದಿರುವುದನ್ನೇ ನೋಡಿ. ಹೈದರಾಲಿ 1777ರಲ್ಲಿ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ಕೂತರೂ ಕೋಟೆ ಸಿಗಲಿಲ್ಲ. ಮದಕರಿ ನಾಯಕ ಹಣ ಕೊಡಲು ಒಪ್ಪಿಕೊಂಡ, ಮುತ್ತಿಗೆ ತೆರವಾಯಿತು. ಹೈದರ್ ಮತ್ತೆ ಬಂದ. 1779ರಲ್ಲಿ ದುರ್ಗ ಅವನ ಕೈ ಸೇರಿತು, ಮದಕರಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ನಾಯಕನ ಬಳಿಯಿದ್ದ ಮುಸಲ್ಮಾನ ಪಡೆಯನ್ನು ಹೈದರ್ ಒಳಗೊಳಗೇ ಒಲಿಸಿಕೊಂಡಿದ್ದನೆಂಬ ವಿವರ ಬರುವುದು ಮುಖ್ಯವಾಗಿ ಕರ್ನಲ್ ವಿಲ್ಕ್ಸ್ 1810ರಿಂದ ಪ್ರಕಟಿಸಿದ ಚರಿತ್ರೆಯಲ್ಲಿ. ವಿಲ್ಕ್ಸ್ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದವನು. ಹೈದರ್ ಮತ್ತು ಟಿಪ್ಪುವಿನಿಂದ ರಾಜ್ಯ ಕಸಿದುಕೊಂಡವರ ಪಾಳೆಯದಿಂದ ಬರೆದವನು. ಅವನು ಸುಳ್ಳು ಹೇಳಿದ ಎನ್ನುತ್ತಿಲ್ಲ. ಕೋಟೆಯೊಳಗಿನವರಿಗೆ ಆಸೆ ತೋರಿಸಿ ಬಾಗಿಲು ತೆಗೆಸುವುದು ಮುತ್ತಿಗೆಯ ಹಳೆಯ ತಂತ್ರ, ಜಗತ್ತಿನ ಎಲ್ಲ ಕೋಟೆಗಳಲ್ಲೂ ನಡೆದಿದೆ. ನನ್ನ ತಕರಾರು ಬೇರೆ. ಎರಡು ವರ್ಷಗಳ ಕಥೆಯಲ್ಲಿ ಸೋತ ಮುತ್ತಿಗೆ, ತೆತ್ತ ಹಣ, ಮತ್ತೆ ಬಂದ ಸೈನ್ಯ ಎಲ್ಲವೂ ಇದ್ದಾಗ, ಪ್ರವಾಸದ ಮಕ್ಕಳಿಗೆ ಉಳಿದದ್ದು ಒಂದು ಸಮುದಾಯದ ಹೆಸರು ಮಾತ್ರ. ಗೆದ್ದ ಮೇಲೆ ಹೈದರ್ ಸುಮಾರು 20,000 ಬೇಡರನ್ನು ಊರು ಬಿಡಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದನೆಂದು ರೈಸ್ ತನ್ನ ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾನೆ. ಇಷ್ಟು ದೊಡ್ಡ ಸ್ಥಳಾಂತರ ನಮ್ಮ ನೆನಪಿನಲ್ಲಿ ಎಲ್ಲಿದೆ? ದ್ರೋಹದ ಕತೆ ಹೈದರನ ಕ್ರೌರ್ಯವನ್ನೂ ಸರಿಯಾಗಿ ನೋಡಲು ಬಿಡುವುದಿಲ್ಲ.

ತ.ರಾ.ಸು. ಅವರ 'ದುರ್ಗಾಸ್ತಮಾನ' 1982ರಲ್ಲಿ ಬಂತು. ಲೇಖಕರು ತೀರಿಕೊಂಡ ಮರುವರ್ಷ, 1985ರಲ್ಲಿ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಮೈಸೂರಿನ ಚರಿತ್ರೆಯಲ್ಲಿ ಅಡಿಟಿಪ್ಪಣಿಯಾಗಿದ್ದ ಪಾಳೆಯಗಾರನೊಬ್ಬನನ್ನು ದುರಂತ ನಾಯಕನ ಎತ್ತರಕ್ಕೆ ಏರಿಸಿದ ಕೃತಿ ಅದು. ನನ್ನ ಅಜ್ಜಿ ಅದರ ಕೊನೆಯ ಪುಟಗಳನ್ನು ಓದಿ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲವಂತೆ. ಆ ಶಕ್ತಿಯನ್ನು ನಾನು ಅಲ್ಲಗಳೆಯಲಾರೆ. ಆದರೂ ಹೆಸರಿನ ಬಗ್ಗೆ ಒಂದು ಮಾತು. ಅಸ್ತಮಾನ ಎಂದರೆ ಸೂರ್ಯ ಮುಳುಗುವುದು. ಅದು ತಾನಾಗಿ ಆಗುವಂಥದ್ದು, ತಡೆಯಲಾಗದ್ದು, ಸುಂದರವೂ ಹೌದು. ಕೋಟೆ ಹಾಗೆ ಮುಳುಗುವುದಿಲ್ಲ. ಅದನ್ನು ದಿನದಿನವೂ ಯಾರೋ ಅಗೆಯುತ್ತಾರೆ, ಯಾರೋ ಹೊರುತ್ತಾರೆ, ಯಾರೋ ಹಸಿಯುತ್ತಾರೆ. ಕಥೆಯ ಬೆಳಕೆಲ್ಲ ನಾಯಕನ ಮೇಲೆ ಬಿದ್ದಾಗ ಈ ಕೆಲಸ ಕತ್ತಲಲ್ಲಿ ಉಳಿಯುತ್ತದೆ. ದುಃಖ ನಮಗೆ ಸಿಗುತ್ತದೆ, ಕಾರಣ ಸಿಗುವುದಿಲ್ಲ.

ಇದನ್ನು ನನ್ನ ಮಾರ್ಗದರ್ಶಕರ ಮುಂದೆ ಹೇಳಿದಾಗ ಅವರು ನಕ್ಕರು. "ಅಲ್ಲಮ್ಮ, ಕಾದಂಬರಿಕಾರ ಎತ್ತಿನ ಮೇವಿನ ಲೆಕ್ಕ ಬರೀಬೇಕಾ? ಯಾರು ಓದ್ತಾರೆ?" ನ್ಯಾಯವಾದ ಪ್ರಶ್ನೆ. ಎತ್ತಿನ ಲೆಕ್ಕದಲ್ಲೂ ಕಥೆ ಇದೆ ಎನ್ನುವುದಕ್ಕೆ ಶ್ರೀರಂಗಪಟ್ಟಣವನ್ನು ನೋಡಬಹುದು.

1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಬಂದ. ಅರಕೆರೆಯ ಬಳಿ ಯುದ್ಧವನ್ನೂ ಗೆದ್ದ. ಆದರೆ ಅವನ ಎತ್ತುಗಳು ಸಾಯುತ್ತಿದ್ದವು, ದವಸ ಮುಗಿಯುತ್ತಿತ್ತು, ಮಳೆ ಶುರುವಾಗಿತ್ತು. ಕೋಟೆ ಒಡೆಯಲು ಎಳೆದುತಂದ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದ. ಗೆದ್ದ ಸೇನಾಪತಿಯನ್ನು ಓಡಿಸಿದ್ದು ಎತ್ತುಗಳ ಹಸಿವು. ಮುಂದಿನ ವರ್ಷ ಅವನು ಗೆಲ್ಲುವಷ್ಟರಲ್ಲಿ ಅವನ ಪಾಳೆಯಕ್ಕೆ ದವಸ ಹೊತ್ತು ತರುತ್ತಿದ್ದವರು ಬಂಜಾರರು, ನಾವು ಲಂಬಾಣಿಗರು ಎನ್ನುವ ಜನ. ಸಾವಿರಾರು ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಸೈನ್ಯಗಳ ನಡುವೆ ವ್ಯಾಪಾರ ಮಾಡುತ್ತಿದ್ದವರು. ದಖ್ಖನ್ನಿನ ಯಾವ ಮುತ್ತಿಗೆಯನ್ನೂ ಅವರಿಲ್ಲದೆ ಊಹಿಸುವುದು ಕಷ್ಟ. ಕನ್ನಡದ ಎಷ್ಟು ಐತಿಹಾಸಿಕ ಕಾದಂಬರಿಗಳಲ್ಲಿ ಒಂದು ತಾಂಡಾದ ಎತ್ತಿನ ಗಂಟೆಯ ಸದ್ದು ಕೇಳಿಸುತ್ತದೆ?

1799ರ ಕತೆ ಇನ್ನೂ ಸ್ಪಷ್ಟ. ಕಂಪನಿಯ ಸೈನ್ಯ ಏಪ್ರಿಲ್ ಮೊದಲ ವಾರ ಕೋಟೆಯ ಪಶ್ಚಿಮಕ್ಕೆ ಬೀಡುಬಿಟ್ಟಿತು. ಕಾವೇರಿ ಬೇಸಿಗೆಯಲ್ಲಿ ಬತ್ತಿತ್ತು. ಮುಂಗಾರು ಬಂದು ಹೊಳೆ ತುಂಬಿದರೆ ಮುತ್ತಿಗೆ ಮುರಿದಂತೆ. ಅವರ ಬಳಿ ದವಸವೂ ಮುಗಿಯುತ್ತ ಬಂದಿತ್ತು. ಹಾಗಾಗಿ ಇಬ್ಬರೂ ಆಕಾಶ ನೋಡುತ್ತಿದ್ದರು, ಟಿಪ್ಪು ಮಳೆಗಾಗಿ, ಹ್ಯಾರಿಸ್ ಮಳೆ ಬಾರದಿರಲೆಂದು. ಕಂದಕ ತೋಡುತ್ತ, ಫಿರಂಗಿಗಳನ್ನು ಹತ್ತಿರ ತರುತ್ತ ಮೇ 3ರ ಹೊತ್ತಿಗೆ ಗೋಡೆಯಲ್ಲಿ ಬಿರುಕು ಮಾಡಿದರು. ಮೇ 4ರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಬಿಸಿಲಿನ ಹೊತ್ತು ಕಾವಲಿನವರು ವಿಶ್ರಾಂತಿಯಲ್ಲಿರುತ್ತಾರೆಂದು ಲೆಕ್ಕಹಾಕಿ, ಬೇರ್ಡ್‌ನ ನೇತೃತ್ವದಲ್ಲಿ ಲಗ್ಗೆ ನಡೆಯಿತು. ಟಿಪ್ಪು ಆ ಬೆಳಗ್ಗೆ ಬಿರುಕನ್ನು ತಾನೇ ನೋಡಿ ಬಂದಿದ್ದ.

ನಮಗೆ ಗೊತ್ತಿರುವುದು ಮೀರ್ ಸಾದಿಕ್. ಸಂಬಳ ಹಂಚುವ ನೆಪದಲ್ಲಿ ಬಿರುಕಿನ ಬಳಿಯ ಕಾವಲನ್ನು ಹಿಂದಕ್ಕೆ ಕರೆದನೆಂದು ಪರಂಪರೆ ಹೇಳುತ್ತದೆ. ಅದು ನಿಜವೇ ಎಂದು ಇಟ್ಟುಕೊಳ್ಳೋಣ. ಆದರೂ ಗೋಡೆ ಒಡೆದದ್ದು ಅವನಲ್ಲ, ಹೊಳೆ ಬತ್ತಿಸಿದ್ದು ಅವನಲ್ಲ. ಇನ್ನೊಂದು ವಿಷಯ: ಆ ಕತೆಯ ಒಳಗೇ ಒಂದು ಸಾಮಾನ್ಯ ಸತ್ಯ ಕೂತಿದೆ. ತಿಂಗಳ ಮುತ್ತಿಗೆಯಲ್ಲಿ ಬಳಲಿದ ಸಿಪಾಯಿಯನ್ನು ಅವನ ಜಾಗದಿಂದ ಕದಲಿಸುವ ನೆಪ ಯಾವುದು? ಸಂಬಳ. ಕತೆ ಕಟ್ಟಿದವರಿಗೆ ಇದು ಗೊತ್ತಿತ್ತು. ಕೇಳಿದ ನಾವು ದ್ರೋಹಿಯ ಹೆಸರನ್ನು ಹಿಡಿದುಕೊಂಡು ಸಂಬಳವನ್ನು ಬಿಟ್ಟೆವು.

ಓಬವ್ವನ ಕತೆಯನ್ನು ಹೀಗೇ ಓದಿದರೆ ನನಗೆ ಅದರ ಮೇಲಿನ ಗೌರವ ಹೆಚ್ಚಾಗುತ್ತದೆ. 1972ರ 'ನಾಗರಹಾವು' ಸಿನಿಮಾದ ಹಾಡಿನಲ್ಲಿ ಜಯಂತಿಯವರ ಕಣ್ಣು, ಎತ್ತಿದ ಒನಕೆ, ಒಂದರ ಮೇಲೊಂದು ಬೀಳುವ ಹೆಣ ನಮ್ಮ ಮನಸ್ಸಿನಲ್ಲಿ ಅಚ್ಚಾಗಿವೆ. ಅದು ಲಗ್ಗೆಯ ಚಿತ್ರ. ಆದರೆ ಜನ ಹೇಳುವ ಕತೆ ಶುರುವಾಗುವುದು ಊಟದಿಂದ. ಕಾವಲುಗಾರ ಗಂಡ ಊಟಕ್ಕೆ ಬಂದಿದ್ದಾನೆ. ಕುಡಿಯಲು ನೀರಿಲ್ಲ. ಹೆಂಡತಿ ತಣ್ಣೀರು ದೋಣಿಗೆ ಹೋಗುತ್ತಾಳೆ. ಅಲ್ಲಿ ಸದ್ದು ಕೇಳುತ್ತಾಳೆ. ಕೈಗೆ ಸಿಗುವುದು ಭತ್ತ ಕುಟ್ಟುವ ಒನಕೆ. ಊಟ, ನೀರು, ಭತ್ತ, ಬದಲಿ ಇಲ್ಲದ ಒಬ್ಬನೇ ಕಾವಲುಗಾರ: ಮುತ್ತಿಗೆಗೆ ಸಿಕ್ಕ ಕೋಟೆಯ ಇಡೀ ಅರ್ಥಶಾಸ್ತ್ರ ಒಂದು ಅಡುಗೆಮನೆಯಲ್ಲಿದೆ. ಗಂಡನನ್ನು ಊಟದ ಮಧ್ಯೆ ಎಬ್ಬಿಸದ ಹೆಂಗಸಿನ ಅಂತಃಕರಣವೂ ಇದೆ. ಈ ಕತೆಯನ್ನು ಕಟ್ಟಿದವರು ಕೋಟೆಯೊಳಗೆ ಬದುಕಿದವರು, ಅಥವಾ ಅಂಥವರಿಂದ ಕೇಳಿದವರು. ಅದನ್ನು ಬರಿಯ ಶೌರ್ಯವಾಗಿಸಿ ನೀರಿನ ಕೊಡವನ್ನು ಕೆಳಗಿಟ್ಟವರು ನಂತರದ ನಾವು.

ಕೋಟೆಯ ಕೆಲಸಗಾರರು ಎಲ್ಲೂ ಕಾಣುವುದೇ ಇಲ್ಲ ಎಂದಲ್ಲ. ರಾಯಚೂರಿಗೆ ಹೋದವರು ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿರುವ ಸುಮಾರು 40 ಅಡಿ ಉದ್ದದ ಕಲ್ಲನ್ನು ನೋಡಿರಬಹುದು. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ್ದನ್ನು ಹೇಳುವ ತೆಲುಗು ಶಾಸನ ಅದರ ಮೇಲಿದೆ. ಅದೇ ಗೋಡೆಯ ಮೇಲೆ ಒಂದು ಚಿತ್ರ ಕೊರೆದಿದ್ದಾರೆ: ಅದೇ ಕಲ್ಲನ್ನು ಬಂಡಿಯ ಮೇಲಿಟ್ಟು ಕೋಣಗಳ ಸಾಲು ಎಳೆಯುತ್ತಿದೆ, ಆಳುಗಳು ಹಿಂದಿನಿಂದ ಸನ್ನೆಗೋಲು ಹಾಕುತ್ತಿದ್ದಾರೆ. ಕಟ್ಟಿಸಿದವನ ಹೆಸರಿನ ಜೊತೆಗೆ ಎಳೆದವರಿಗೂ ಆ ಗೋಡೆ ಜಾಗ ಕೊಟ್ಟಿದೆ.

ಅದೇ ಊರಿನ 1520ರ ಮುತ್ತಿಗೆಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಕೃಷ್ಣದೇವರಾಯನ ಜನ ಗುಂಡಿನ ಸುರಿಮಳೆಯಲ್ಲಿ ಗೋಡೆಯ ಬುಡಕ್ಕೆ ಹೋಗಿ ಹಾರೆಗಳಿಂದ ಕಲ್ಲು ಕೀಳಬೇಕಿತ್ತು. ಅವರನ್ನು ಹುರಿದುಂಬಿಸಲು ದಂಡನಾಯಕರು ಕಿತ್ತು ತಂದ ಕಲ್ಲಿಗೆ ಗಾತ್ರ ನೋಡಿ ಬೆಲೆ ಕಟ್ಟುತ್ತಿದ್ದರು, ಹತ್ತು ಹಣದಿಂದ ಐವತ್ತು ಹಣದವರೆಗೆ. ಕೊನೆಗೆ ಫಿಗರೇದೊ ಎಂಬ ಪೋರ್ಚುಗೀಸನ ಕೋವಿಗಾರರು ಗೋಡೆಯ ಮೇಲಿನವರು ತಲೆ ಎತ್ತದಂತೆ ಮಾಡಿದಾಗ ಕೀಳುವ ಕೆಲಸ ಸರಾಗವಾಯಿತು. ಏನಾಗುತ್ತಿದೆ ಎಂದು ಬಗ್ಗಿ ನೋಡಿದ ಕೋಟೆಯ ಅಧಿಕಾರಿ ಗುಂಡಿಗೆ ಬಲಿಯಾದ, ಊರು ಶರಣಾಯಿತು. ನಾವು ಇದನ್ನು 'ರಾಯಚೂರು ವಿಜಯ' ಎಂದು ಓದಿದ್ದೇವೆ. ಕಲ್ಲಿಗಿಷ್ಟು ಎಂದು ಕೂಲಿ ಪಡೆದವನ ಕಣ್ಣಿನಿಂದ ಅದನ್ನು ಬರೆದ ಕನ್ನಡ ಕಾದಂಬರಿ ನನ್ನ ಓದಿಗೆ ಇನ್ನೂ ಸಿಕ್ಕಿಲ್ಲ. ನೂನಿಜ್‌ನ ಆ ಒಂದು ವಿವರದಲ್ಲಿ ಸಾವಿನ ಭಯ, ಹಣದ ಆಸೆ, ಬೆನ್ನು ನೋವು ಎಲ್ಲವೂ ಇವೆ. ನನ್ನ ಮಾರ್ಗದರ್ಶಕರ ಪ್ರಶ್ನೆಗೆ ಅದೇ ಉತ್ತರ: ಹೀಗೆ ಬರೆದರೆ ಯಾರು ಬೇಕಾದರೂ ಓದುತ್ತಾರೆ.

ಹಳೆಯ ಕತೆಗಳನ್ನು ಬಿಸಾಡಿ ಎಂದು ನಾನು ಕೇಳುತ್ತಿಲ್ಲ. ಅವುಗಳೊಳಗಿನ ನೀರು, ಭತ್ತ, ಸಂಬಳಗಳನ್ನು ಮತ್ತೆ ಎಣಿಸೋಣ ಎನ್ನುತ್ತಿದ್ದೇನೆ. ಎಣಿಸತೊಡಗಿದರೆ ಒಂದು ಕೋಟೆಯ ಸೋಲನ್ನು ಒಂದು ಸಮುದಾಯದ ತಲೆಗೆ ಕಟ್ಟುವುದು ಅಷ್ಟು ಸುಲಭವಾಗುವುದಿಲ್ಲ.

ಹೋದ ವರ್ಷ ಅದೇ ಗೆಳತಿಯ ಜೊತೆ ದುರ್ಗಕ್ಕೆ ಹೋಗಿದ್ದೆ. ಅವಳೀಗ ಒಂದು ಶಾಲೆಯಲ್ಲಿ ವಿಜ್ಞಾನ ಟೀಚರ್. ಮದ್ದು ಬೀಸುವ ಕಲ್ಲುಗಳನ್ನು ನೋಡಿ, ಗೋಪಾಲಸ್ವಾಮಿ ಹೊಂಡದ ದಡದಲ್ಲಿ ಬುತ್ತಿ ಬಿಚ್ಚಿದೆವು. ಮೇಲಿನ ಹೊಂಡದ ನೀರು ಕೆಳಗಿನ ಹೊಂಡಗಳಿಗೆ ಇಳಿಯುವ ಏರ್ಪಾಟನ್ನು ಅವಳು ಬಹಳ ಹೊತ್ತು ನೋಡುತ್ತ ಕೂತಳು. ನಾನು ಹಳೆಯ ಪ್ರವಾಸದ ಮಾತು ತೆಗೆದೆ. "ನೆನಪಿದೆ ಕಣೇ, ನೀನೂ ತಿರುಗಿ ನೋಡಿದ್ದೆ" ಅಂದಳು. ಕೋಪವಿಲ್ಲದೆ ಅಂದಳು. ಆಮೇಲೆ ಬಾಟಲಿ ಮುಂದೆ ಹಿಡಿದು ನೀರು ಕೇಳಿದಳು. ನನ್ನ ಅಧ್ಯಾಯದ ಮೊದಲ ಕರಡನ್ನು ಆ ವಾರವೇ ಹರಿದು ಹಾಕಿ, ಹೊಂಡಗಳಿಂದ ಮತ್ತೆ ಬರೆಯಲು ಶುರುಮಾಡಿದೆ.